ಕೈ ಇಸುಬು: ‘ನೀರು ಮುಟ್ಟಬೇಡಿ’ ಅನ್ನೋದು ಬಿಟ್ಟು ಇನ್ನೇನು ಹೇಳಿಕೊಡೋದು?

ಪ್ರಶ್ನೆ: ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಸಕಲೇಶಪುರ ತಾಲ್ಲೂಕು

ನಮ್ಮ ಕಡೆ ಉಪಕೇಂದ್ರಗಳಿಗೆ ಕೈ ಇಸುಬಿನವರು (ಎಕ್ಸಿಮಾ ಆದವರು) ಬಹಳ ಬರ್ತಾರೆ. ಬಿಸಿಯೂಟದ ಅಡುಗೆಯವರು, ಹೋಟೆಲಲ್ಲಿ ಪಾತ್ರೆ ತೊಳೆಯೋರು, ಹಾಲು ಕರೆಯೋರು, ಗಾರೆ ಕೆಲಸದವರು, ತೋಟದ ಆಳುಗಳು. ಅಂಗೈ ದಪ್ಪಗಾಗಿ ಸೀಳು ಬಿಟ್ಟಿರುತ್ತೆ, ಬೆರಳ ಸಂದಿ ಕೆಂಪಗೆ ಉರೀತಿರುತ್ತೆ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಮುಲಾಮು ತರ್ತಾರೆ, ಹದಿನೈದು ದಿನ ಹಚ್ಚಿದರೆ ಇಳಿಯುತ್ತೆ, ಬಿಟ್ಟ ತಿಂಗಳೊಳಗೆ ಮತ್ತೆ ಅದೇ ಕೈ.

ಚೀಟಿಯಲ್ಲಿ ‘ನೀರು, ಸೋಪು ಮುಟ್ಟಬಾರದು’ ಅಂತ ಬರೆದಿರುತ್ತೆ. ಅದನ್ನೇ ನಾವೂ ಹೇಳ್ತೀವಿ. ‘ಹ್ಞೂಂ ಮೇಡಂ’ ಅಂತಾರೆ, ಹೋಗ್ತಾರೆ. ಒಬ್ಬೊಬ್ಬರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡೋಕೆ ಆಗಲ್ಲ. ಆ ಹತ್ತು ನಿಮಿಷದಲ್ಲಿ ಮೊದಲು ಹೇಳಬೇಕಾದ್ದು ಏನು? ಗ್ಲೌಸ್ ಹಾಕಿ ಅನ್ನಬೇಕಾ, ಯಾವುದು? ಕೊಬ್ಬರಿ ಎಣ್ಣೆ ಸಾಕಾ, ಇಲ್ಲ ಕ್ರೀಮೇ ಬೇಕಾ? ಹೇಳಿದ್ದು ಅರ್ಥ ಆಯ್ತು ಅಂತ ತಿಳಿಯೋದು ಹೇಗೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಬರೀರಿ.

ಉತ್ತರ 1: ಚರ್ಮರೋಗ ವೈದ್ಯ, ಹಾಸನ

ಸಿಸ್ಟರ್, ಮೊದಲು ಆ ಚೀಟಿಯ ಸಾಲು ಬಿಡಿ. ಪಾತ್ರೆ ತೊಳೆದು ಸಂಬಳ ತಗೊಳ್ಳೋರಿಗೆ ನೀರು ಮುಟ್ಟಬೇಡಿ ಅನ್ನೋದು ಕೆಲಸ ಬಿಡಿ ಅಂದ ಹಾಗೆ. ತಲೆಯಾಡಿಸದೆ ಪಾಪ ಅವರು ಇನ್ನೇನು ಮಾಡ್ತಾರೆ? ಇನ್ನೊಂದು, ಆ ಮಾತಿಗೆ ಅಳತೆ ಇಲ್ಲ. ಎಷ್ಟು ಕಮ್ಮಿ ಮಾಡಿದರೆ ಪ್ರಯೋಜನ ಅಂತ ತಿಳಿಯದೆ ಯಾರೂ ಕಮ್ಮಿ ಮಾಡಲ್ಲ.

ಅಳತೆ ಹೀಗಿದೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿರೋದು, ಇಲ್ಲವೇ 2 ಗಂಟೆಗಿಂತ ಹೆಚ್ಚು ಹೊತ್ತು ಗಾಳಿಯಾಡದ ಗ್ಲೌಸ್ ಒಳಗೆ ಇರೋದು, ಇಲ್ಲವೇ 20 ಸಲಕ್ಕಿಂತ ಹೆಚ್ಚು ಕೈ ತೊಳೆಯೋದು. ಮೂರರಲ್ಲಿ ಒಂದಿದ್ದರೂ ಅದು ‘ಒದ್ದೆ ಕೆಲಸ’. ಜರ್ಮನಿಯ ಕಾರ್ಮಿಕ ಸುರಕ್ಷತೆಯ ಹಳೆ ನಿಯಮದಲ್ಲಿ ಬಂದ ಗೆರೆ ಇದು (2022ರಲ್ಲಿ ಅಲ್ಲಿ ಆ ನಿಯಮ ಪರಿಷ್ಕರಿಸಿದರು), ಚರ್ಮವೈದ್ಯರು ಬಹಳ ಕಡೆ ಇದನ್ನೇ ಬಳಸ್ತೀವಿ. ಗ್ಲೌಸೂ ಆ ಲೆಕ್ಕದಲ್ಲಿ ಸೇರಿದೆ ಅನ್ನೋದು ಗಮನಿಸಿ. ಒಳಗೆ ಬೆವರಿದ ಕೈಯೂ ಒದ್ದೆ ಕೈಯೇ.

ಹಾಗಾಗಿ ಮೊದಲ ಕೆಲಸ ಎಣಿಸೋದು. ‘ದಿನಕ್ಕೆ ಎಷ್ಟು ಸಲ ನೀರಿಗೆ ಕೈ ಹಾಕ್ತೀರಿ’ ಅಂತ ಕೇಳಿದರೆ ಐದಾರು ಸಲ ಅಂತಾರೆ, ಅದು ಯಾರಿಗೂ ನೆನಪಿರಲ್ಲ. ಒಂದು ದಿನ ನೀರು ಮುಟ್ಟಿದಾಗಲೆಲ್ಲ ಒಂದು ಹುಣಸೆ ಬೀಜ ಲೋಟಕ್ಕೆ ಹಾಕಿ, ರಾತ್ರಿ ಎಣಿಸಿ ಬನ್ನಿ ಅನ್ನಿ. ಮುಸುರೆ, ತರಕಾರಿ, ಅಕ್ಕಿ ತೊಳೆಯೋದು, ಮುದ್ದೆ ಕಟ್ಟುವಾಗ ಕೈ ಅದ್ದೋದು, ನೆಲ ಒರೆಸೋದು, ಕೊಟ್ಟಿಗೆ, ಬಚ್ಚಲು, ಮಕ್ಕಳ ಕೈಬಾಯಿ, ಎಲ್ಲ ಸೇರಿಸಿ. ಮೂವತ್ತು ನಲವತ್ತು ಬೀಜ ಆದರೆ ಆಶ್ಚರ್ಯ ಬೇಡ. ಅದರಲ್ಲಿ ಯಾವ ಹತ್ತು ಬಿಡಬಹುದು ಅಂತ ಅವರೇ ಹೇಳಬೇಕು, ನಾವಲ್ಲ. ಒಂದೊಂದು ಲೋಟ ಬಂದಾಗಲೂ ತೊಳೆಯೋ ಬದಲು ಟಬ್ಬಿನಲ್ಲಿ ನೆನೆಸಿಟ್ಟು ದಿನಕ್ಕೆ ಎರಡೇ ಸಲ ತೊಳೆಯೋದು, ಅಂಗೈಲಿ ನಾರು ಹಿಡಿಯೋ ಬದಲು ಉದ್ದ ಹಿಡಿಯ ಬ್ರಷ್, ನೆನೆಹಾಕಿದ ಬಟ್ಟೆ ತಿರುವೋಕೆ ಕೋಲು. ಇಷ್ಟರಲ್ಲೇ ಕೆಲವು ಬೀಜ ಕಳೀತವೆ.

ನೀರು ಯಾಕೆ ಕೆಡಿಸುತ್ತೆ ಅನ್ನೋದಕ್ಕೆ ಹಳ್ಳಿಯವರಿಗೆ ಒಂದು ಹೋಲಿಕೆ ಸಾಕು: ಸಗಣಿ ಸಾರಿಸಿದ ನೆಲದ ಮೇಲೆ ದಿನಾ ನೀರು ಸುರಿದರೆ ಏನಾಗುತ್ತೆ? ಸಾರಣೆ ಹೋಗುತ್ತೆ, ಮಣ್ಣು ಬಿರಿಯುತ್ತೆ. ಚರ್ಮದ ಮೇಲ್ಪದರದಲ್ಲೂ ಜಿಡ್ಡಿನ ಸಾರಣೆ ಇದೆ. ಸೋಪು ಅದನ್ನು ಕಿತ್ತುಕೊಂಡು ಹೋಗುತ್ತೆ. ಚರ್ಮದ ಪಿಎಚ್ (ಹುಳಿ–ಕ್ಷಾರದ ಅಳತೆ, 7ಕ್ಕಿಂತ ಕಮ್ಮಿ ಹುಳಿ, ಹೆಚ್ಚು ಕ್ಷಾರ) ಸುಮಾರು 5, ಬಾರ್ ಸೋಪಿನದು 9ರಿಂದ 10. ಸ್ಟೀರಾಯ್ಡ್ ಮುಲಾಮು ಉರಿ, ಕೆಂಪು ಇಳಿಸುತ್ತೆಯೇ ಹೊರತು ಸಾರಣೆ ಮಾಡಿಕೊಡಲ್ಲ. ಕೈ ನೋಡೋಕೆ ಚೆನ್ನಾಗಾದ ಮೇಲೂ ಆ ಪದರ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ‘ವಾಸಿಯಾಯ್ತು’ ಅಂತ ಎಲ್ಲ ಬಿಡೋದು ಆ ತಿಂಗಳುಗಳಲ್ಲೇ, ಕಾಯಿಲೆ ಮರಳೋದೂ ಆಗಲೇ. ಇದೊಂದನ್ನು ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

ಇನ್ನು ಕೈ ತೊಳೆಯೋದು. ಹೇಳಬೇಡಿ, ಬೇಸಿನ್ ಹತ್ತಿರ ಕರೆದುಕೊಂಡು ಹೋಗಿ ಮಾಡಿಸಿ. ಉಂಗುರ ಕಳಚಬೇಕು, ಅದರಡಿ ಸೋಪಿನ ನೀರು ನಿಂತೇ ಎಷ್ಟೋ ಸಲ ಇಸುಬು ಶುರುವಾಗೋದು. ತೆಗೆಯೋಕೆ ಮನಸ್ಸಿಲ್ಲದಿದ್ದರೆ ಕೆಲಸದ ಹೊತ್ತಿಗೆ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲಿ. ನೀರು ಉಗುರುಬೆಚ್ಚಗಿರಲಿ, ಹಂಡೆಯ ಕುದಿನೀರು ಬೇಡ. ಬಿಸಿನೀರಿಗೆ ತುರಿಕೆ ಆ ಕ್ಷಣ ಹಾಯ್ ಅನಿಸುತ್ತೆ, ಅದಕ್ಕೇ ಜನ ಅದನ್ನು ಬಿಡಲ್ಲ, ಅರ್ಧ ಗಂಟೆಯಲ್ಲಿ ದುಪ್ಪಟ್ಟು ತುರಿಯುತ್ತೆ. ಬಟ್ಟೆ ಸೋಪು, ಪಾತ್ರೆ ಪುಡಿಯಲ್ಲಿ ಕೈ ತೊಳೆಯೋದು ಪೂರ್ತಿ ನಿಲ್ಲಬೇಕು. ಆಮೇಲೆ ಒರೆಸೋದು: ಉಜ್ಜದೆ ಒತ್ತಬೇಕು, ಬೆರಳ ಸಂದಿ ಒಂದೊಂದಾಗಿ. ಸೀರೆ ಸೆರಗಿಗೆ ಒಮ್ಮೆ ಒರೆಸಿಕೊಂಡರೆ ಸಂದಿಯಲ್ಲಿ ನೀರು ಹಾಗೇ ಉಳಿಯುತ್ತೆ. ಚಳಿಗಾಲದಲ್ಲಿ ಒಲೆ ಮುಂದೆ ಕೈಯೊಡ್ಡಿ ಒಣಗಿಸೋ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದು ಸೀಳನ್ನು ಇನ್ನೂ ಆಳ ಮಾಡುತ್ತೆ.

ಒರೆಸಿದ ಕೂಡಲೇ, ಒಂದೆರಡು ನಿಮಿಷದೊಳಗೆ ಜಿಡ್ಡು, ಅಂದರೆ ಪೆಟ್ರೋಲಿಯಂ ಜೆಲ್ಲಿಯಂಥದ್ದು. ಹಚ್ಚೋ ಕ್ರಮದಲ್ಲೇ ಬಹಳ ಜನ ತಪ್ಪೋದು. ಅಂಗೈಗೆ ಹಾಕಿ ಅಂಗೈ ಅಂಗೈ ಉಜ್ಜಿದರೆ ಅರ್ಧ ಅಲ್ಲೇ ಉಳಿಯುತ್ತೆ, ಬೆರಳ ತುದಿಗೂ ಸಂದಿಗೂ ಏನೂ ಸಿಗಲ್ಲ. ಮುಂಗೈ (ಅಂಗೈಯ ಹಿಂಬದಿ) ಮೇಲೆ ಇಟ್ಟು ಎರಡು ಮುಂಗೈ ಒಂದಕ್ಕೊಂದು ಸವರಬೇಕು, ಆಮೇಲೆ ಸಂದಿ, ಆಮೇಲೆ ಒಂದೊಂದೇ ಬೆರಳು ಉಗುರಿನ ಬುಡದವರೆಗೆ, ಮಣಿಕಟ್ಟು, ಕೊನೆಗೆ ಅಂಗೈ.

ಅರ್ಥ ಆಯ್ತಾ ಅಂತ ಕೇಳಬೇಡಿ, ಉತ್ತರ ಹ್ಞೂಂ ಅಂತಲೇ ಬರುತ್ತೆ. ‘ಮನೇಲಿ ಮುಸುರೆ ತೊಳೆದ ಮೇಲೆ ಏನು ಮಾಡ್ತೀರಿ, ಈಗ ಮಾಡಿ ತೋರಿಸಿ ಅಮ್ಮ’ ಅನ್ನಿ. ನೋಟು ಪರೀಕ್ಷಿಸೋ ನೇರಳೆ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು. ಕತ್ತಲೆ ಕೋಣೆಯಲ್ಲಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಕಡೆ ಮಂದ ನೀಲಿ ಹೊಳೆಯುತ್ತೆ, ಬಿಟ್ಟುಹೋದ ಜಾಗ ಕಪ್ಪಗೆ ಕಾಣುತ್ತೆ. ಹೆಚ್ಚು ಶುದ್ಧ ಮಾಡಿದ ಜೆಲ್ಲಿಯಾದರೆ ಹೊಳಪು ಕಮ್ಮಿ, ಅದಕ್ಕೆ ಮೊದಲು ನಿಮ್ಮ ಕೈಗೇ ಹಚ್ಚಿ ನೋಡಿ. ಟಾರ್ಚ್ ಬೆಳಕು ಕಣ್ಣಿಗೆ ಮಾತ್ರ ಬಿಡಬೇಡಿ.

ಎಲ್ಲ ಒಂದೇ ದಿನ ಹೇಳೋಕೆ ಹೋಗಬೇಡಿ. ಮೊದಲ ದಿನ ಬೀಜ ಎಣಿಸೋದು, ಒರೆಸಿ ಹಚ್ಚೋದು, ಇವೆರಡೇ. ಎರಡು ವಾರಕ್ಕೆ ಟ್ಯೂಬು ಸಮೇತ ಬರಲಿ, ಆಗ ಗ್ಲೌಸ್ ವಿಷಯ. ಆರನೇ ವಾರಕ್ಕೆ ಮತ್ತೊಮ್ಮೆ, ಕೈ ಚೆನ್ನಾಗಿದ್ದರೂ ಸರಿ. ಚೆನ್ನಾಗಿರೋರೇ ಬರಲ್ಲ, ಅವರನ್ನೇ ಕರೆಸಬೇಕು.

ಉತ್ತರ 2: ಔಷಧಿ ಅಂಗಡಿ, ಕಡೂರು

ಡಾಕ್ಟ್ರು ಹೇಳಿದ್ದರ ಮೇಲೆ ಅಳತೆಯ ಮಾತು ಸೇರಿಸ್ತೀನಿ. ಕೌಂಟರಿನಲ್ಲಿ ಕಾಣೋ ತಪ್ಪು ಮುಕ್ಕಾಲು ಪಾಲು ಅಳತೆಯದ್ದೇ.

ಸ್ಟೀರಾಯ್ಡ್ ಮುಲಾಮಿಗೆ ಬೆರಳ ಗೆಣ್ಣಿನ ಲೆಕ್ಕ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಎಳೆದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಒಳಗೂ ಹೊರಗೂ ಅಷ್ಟು ಸಾಕು. ಎರಡು ಕೈಗೆ ಎರಡು ಎಳೆ, 1 ಗ್ರಾಂ. ದಿನಕ್ಕೊಮ್ಮೆ ಅಂತ ಬರೆದಿದ್ದರೆ 15 ಗ್ರಾಂ ಟ್ಯೂಬು 15 ದಿನ ಬರಬೇಕು. ಎರಡು ತಿಂಗಳಾದರೂ ಅದೇ ಟ್ಯೂಬು ಅಂದರೆ ಹಚ್ಚೇ ಇಲ್ಲ. ನಾಲ್ಕು ದಿನಕ್ಕೆ ಮುಗೀತು ಅಂದರೆ ಮುಖಕ್ಕೋ ತೊಡೆ ಸಂದಿಗೋ ಹೋಗ್ತಿದೆ, ಇಲ್ಲ ಮನೆಮಂದಿಯೆಲ್ಲ ಹಚ್ಚಿಕೊಳ್ತಿದ್ದಾರೆ. ಸಿಸ್ಟರ್, ಎರಡನೇ ಸಲ ಬಂದಾಗ ಟ್ಯೂಬು ಒತ್ತಿ ನೋಡಿ, ಅದು ಬಾಯಿಗಿಂತ ನಿಜ ಹೇಳುತ್ತೆ.

ಅಂಗೈಗೆ ಬರೆಯೋ ಕ್ಲೋಬೆಟಾಸಾಲ್ ಅನ್ನೋ ಸ್ಟೀರಾಯ್ಡ್ ಬಹಳ ಜೋರು. ಅಂಗೈ ಚರ್ಮ ದಪ್ಪ ಇರೋದರಿಂದ ಅಲ್ಲಿಗೆ ಬೇಕಾಗುತ್ತೆ, ಆದರೆ ಅದೇ ಕೈಯಲ್ಲಿ ಕೆನ್ನೆ ಉಜ್ಜಿಕೊಂಡರೆ ಕೆನ್ನೆ ತೆಳುವಾಗಿ ಕೆಂಪಾಗುತ್ತೆ. ರಾತ್ರಿ ಮಲಗೋ ಮುಂಚೆ ಹಚ್ಚಿಸಿ, ಜಿಡ್ಡಿನ ಮುಲಾಮು ಅದಕ್ಕೂ ಮುಂಚೆಯೋ ಆಮೇಲೋ ಅರ್ಧ ಗಂಟೆ ಬಿಟ್ಟು. ಡಾಕ್ಟ್ರು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು ದಿನ ಅಂತ ಇಳಿಸೋಕೆ ಬರೆದಿದ್ದರೆ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, ಯಾರೂ ಅದನ್ನು ನೋಡಲ್ಲ.

ಮೂರು ಔಷಧಿ ಒಂದರಲ್ಲಿರೋ ಮುಲಾಮುಗಳು, ಅಂದರೆ ಸ್ಟೀರಾಯ್ಡ್, ಹುಳುಕಡ್ಡಿಯದು, ಆಂಟಿಬಯಾಟಿಕ್ ಸೇರಿಸಿದವು, ಇವನ್ನು ಕೇಳಿ ಪಡೆಯೋರು ತುಂಬ. 2018ರಲ್ಲಿ ಚರ್ಮಕ್ಕೆ ಹಚ್ಚೋ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಬಿಗಿಗೆ ತಂದರು, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಖಾಲಿ ಟ್ಯೂಬು ತೋರಿಸಿ ‘ಇದೇ ಕೊಡಿ’ ಅನ್ನೋದು ನಿಂತಿಲ್ಲ, ಕೊಡೋರೂ ಇದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ. ಇಸುಬಿಗೆ ಇವು ಎರಡು ಥರ ಕೆಡುಕು. ಹುಳುಕಡ್ಡಿ ಇದ್ದರೆ ಸ್ಟೀರಾಯ್ಡ್ ಅದರ ರೂಪವನ್ನೇ ಮರೆಸಿ ಹಬ್ಬಿಸುತ್ತೆ. ಅದರಲ್ಲಿನ ನಿಯೋಮೈಸಿನ್ ಅನ್ನೋ ಆಂಟಿಬಯಾಟಿಕ್ ಕೆಲವರಿಗೆ ತಾನೇ ಅಲರ್ಜಿ ತರಿಸುತ್ತೆ. ಹಚ್ಚಿದಷ್ಟೂ ಕೆಡುತ್ತೆ, ಕೆಟ್ಟಷ್ಟೂ ಹಚ್ಚುತ್ತಾರೆ.

ಜಿಡ್ಡಿನದು ಇದಕ್ಕೆ ಉಲ್ಟಾ, ಕಮ್ಮಿ ಹಚ್ಚೋದೇ ತಪ್ಪು. ಸಲಕ್ಕೆ 1 ಗ್ರಾಂ, ದಿನಕ್ಕೆ ಐದು ಸಲ, ತಿಂಗಳಿಗೆ 150 ಗ್ರಾಂ ಹಿಡೀರಿ. 20 ಗ್ರಾಮಿನ ಚಂದದ ಹ್ಯಾಂಡ್ ಕ್ರೀಮ್ ಕೊಂಡರೆ ವಾರ ಬರಲ್ಲ, ಮೇಲೆ ಅದರ ಪರಿಮಳ ಬೇರೆ. ಸುವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ದೊಡ್ಡ ಡಬ್ಬಿ ಎಲ್ಲಕ್ಕಿಂತ ಅಗ್ಗ. ಅಂಟಂಟು ಅನ್ನೋರಿಗೆ ಹಗಲಿಗೆ ಲಿಕ್ವಿಡ್ ಪ್ಯಾರಾಫಿನ್ ಇರೋ ಕ್ರೀಮು, ರಾತ್ರಿಗೆ ಜೆಲ್ಲಿ. ತೆಳ್ಳಗಿನ ಲೋಶನ್ ಬೇಡ, ಅದರಲ್ಲಿ ನೀರೇ ಹೆಚ್ಚು. ಯೂರಿಯಾ ಕ್ರೀಮ್ ದಪ್ಪ ಅಂಗೈಗೆ ಒಳ್ಳೆಯದು, ಸೀಳು ಇರುವಾಗ ಹಚ್ಚಿದರೆ ಉರಿ ತಡೆಯೋಕಾಗಲ್ಲ. ‘ನನಗೆ ಆಗಲ್ಲ’ ಅಂತ ಡಬ್ಬಿ ವಾಪಸ್ ತರೋದು ಅದಕ್ಕೇ. ಸೀಳು ಕೂಡಿದ ಮೇಲೆ ಕೊಡಿ.

ಡಬ್ಬಿಗೆ ಒದ್ದೆ ಬೆರಳು ಹಾಕದೆ ಚಮಚದ ಹಿಡಿಯಲ್ಲಿ ತೆಗೆಯಲಿ. ಮತ್ತೆ ಡಬ್ಬಿ ಇರಬೇಕಾದ ಜಾಗ ದೇವರ ಗೂಡಲ್ಲ, ಬೀರುವಿನೊಳಗಲ್ಲ. ನಲ್ಲಿ ಪಕ್ಕ ಒಂದು, ಹಾಸಿಗೆ ಪಕ್ಕ ಒಂದು.

ಉತ್ತರ 3: ತೋಟದ ಆರೋಗ್ಯ ಕಾರ್ಯಕರ್ತೆ, ಮೂಡಿಗೆರೆ

ಕೊಬ್ಬರಿ ಎಣ್ಣೆ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಅದು ಕೆಟ್ಟದ್ದಲ್ಲ, ತೆಳು ಅಷ್ಟೆ, ಬೇಗ ಹೋಗಿಬಿಡುತ್ತೆ. ಅಡುಗೆ ಮಾಡೋರಿಗೆ ಹಗಲಲ್ಲಿ ಅದೇ ಸರಿ, ಯಾಕಂದ್ರೆ ರೊಟ್ಟಿ ತಟ್ಟೋ ಕೈಗೆ ಜೆಲ್ಲಿ ಹಚ್ಚಿ ಅಂದ್ರೆ ಯಾರೂ ಹಚ್ಚಲ್ಲ. ಕೆಲಸಕ್ಕೆ ಮುಂಚೆ ಎಣ್ಣೆ, ಕೆಲಸ ಮುಗಿದ ಮೇಲೆ ಜೆಲ್ಲಿ. ಮುರುಗಲ ತುಪ್ಪ ಇರೋ ಮನೆಗಳಲ್ಲಿ ಹಿಮ್ಮಡಿ ಒಡಕಿಗೆ ಹಚ್ಚೋ ಹಾಗೆ ಒಣ ಸೀಳಿಗೂ ಹಚ್ಚಬಹುದು, ಬಿಸಿ ಮಾಡಿ ಕರಗಿಸಿ ಆರಿದ ಮೇಲೆ. ನೀರು ಜಿನುಗೋ ಕೈಗೆ ಮಾತ್ರ ಎಣ್ಣೆ, ತುಪ್ಪ ಯಾವುದೂ ಬೇಡ. ಅರಿಶಿನ, ನಿಂಬೆರಸ, ಬೆಳ್ಳುಳ್ಳಿ ಅರೆದು ಕಟ್ಟೋದು ಬೇಡವೇ ಬೇಡ. ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಸುಟ್ಟು ಗುಳ್ಳೆ ಬರುತ್ತೆ.

ಹಾಲು ಕರೆಯೋರು ಕರೆಯೋ ಮುಂಚೆ ಔಷಧಿ ಮುಲಾಮು ಹಚ್ಚಬಾರದು, ಹಾಲಿಗೆ ಬೀಳುತ್ತೆ. ಕರೆದು, ಕೈ ತೊಳೆದು ಒರೆಸಿ ಆಮೇಲೆ.

ಗ್ಲೌಸ್ ವಿಷಯಕ್ಕೆ ಬರ್ತೀನಿ. ‘ಗ್ಲೌಸ್ ಹಾಕಿ’ ಅನ್ನೋದು ಇನ್ನೊಂದು ‘ನೀರು ಮುಟ್ಟಬೇಡಿ’. ಒಬ್ಬೊಬ್ಬರ ಕೆಲಸಕ್ಕೂ ಒಂದೊಂದು ಗ್ಲೌಸ್.

ಪಾತ್ರೆ, ಬಟ್ಟೆ, ಕೊಟ್ಟಿಗೆಗೆ ಮೊಣಕೈ ಹತ್ತಿರ ಬರೋ ದಪ್ಪ ಗ್ಲೌಸ್ ಬೇಕು, ನೈಟ್ರೈಲ್ (ಕೃತಕ ರಬ್ಬರ್) ಆದರೆ ಒಳ್ಳೆಯದು. ಆಸ್ಪತ್ರೆಯ ತೆಳು ಲೇಟೆಕ್ಸ್ ಅಲ್ಲ. ಜೆಲ್ಲಿ ಹಚ್ಚಿದ ಕೈಗೆ ಲೇಟೆಕ್ಸ್ ಹಾಕಿದರೆ ರಬ್ಬರ್ ಸಡಿಲವಾಗಿ ಹರಿಯುತ್ತೆ, ಜಿಡ್ಡು ಅದನ್ನು ತಿನ್ನುತ್ತೆ. ಒಳಗೆ ಹತ್ತಿಯ ತೆಳು ಗ್ಲೌಸ್, ಅದಕ್ಕೆ ಎರಡು ಮೂರು ಜೊತೆ ಇರಲಿ, ಒದ್ದೆಯಾದದ್ದು ತೆಗೆದು ಒಣಗಿದ್ದು ಹಾಕೋಕೆ. ಒಂದು ಸಲಕ್ಕೆ 15–20 ನಿಮಿಷ ಸಾಕು. ತುದಿಯನ್ನು ಹೊರಕ್ಕೆ ಒಂದು ಸುತ್ತು ಮಡಚಿದರೆ ಕೈಯೆತ್ತಿದಾಗ ಹರಿಯೋ ನೀರು ಅಲ್ಲೇ ನಿಲ್ಲುತ್ತೆ, ತೋಳಿಗೆ ಇಳಿಯಲ್ಲ. ಬಳಸಿದ ಮೇಲೆ ಒಳಗು ಹೊರಗು ಮಾಡಿ ನೆರಳಲ್ಲಿ ನೇತುಹಾಕಬೇಕು. ವಾರಕ್ಕೊಮ್ಮೆ ಊದಿ ಬಾಯಿ ಬಿಗಿಹಿಡಿದು ಒತ್ತಿ ನೋಡಿ, ಗಾಳಿ ಹೋದರೆ ತೂತು. ತೂತಾದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು, ಒಳಗೆ ಹೋದ ಸೋಪಿನ ನೀರು ಹೊರಗೆ ಬರಲ್ಲ. ಸಿಮೆಂಟಿನವರಿಗಂತೂ ಒಳಗೆ ಹಸಿ ಗಾರೆ ಸೇರಿದರೆ ಚರ್ಮ ಸುಟ್ಟೇ ಹೋಗುತ್ತೆ, ತಕ್ಷಣ ತೆಗೆದು ಹರಿಯೋ ನೀರಲ್ಲಿ ತೊಳೀಬೇಕು.

ಬೆಳ್ಳುಳ್ಳಿಗೆ ಗ್ಲೌಸನ್ನು ನಂಬಬೇಡಿ. ಅದರಲ್ಲಿರೋ ಅಲರ್ಜಿಯ ಅಂಶ ಮಾಮೂಲಿ ರಬ್ಬರನ್ನೂ ದಾಟಿಕೊಂಡು ಹೋಗುತ್ತೆ. ಬೆಳ್ಳುಳ್ಳಿ ಸುಲಿಯೋ ಕೆಲಸ ಮನೇಲಿ ಬೇರೆಯವರದಾಗಬೇಕು, ಗಂಡಸರಿಗೂ ಕೈ ಇದೆ.

ಅಡಿಕೆ ಸುಲಿಯೋರದ್ದು ಬೇರೆ ಕಥೆ. ಮೆಟ್ಟುಗತ್ತಿ ಮುಂದೆ ಕೂತವರ ಕೈಗೆ ದಪ್ಪ ಗ್ಲೌಸ್ ಹಾಕಿಸಿದರೆ ಬೆರಳಿಗೆ ಹಿಡಿತ ಸಿಗಲ್ಲ, ಗಾಯ ಆಗುತ್ತೆ. ಅಲ್ಲಿ ಕೆಡೋದು ಸುಲಿಯೋ ಹೊತ್ತಿಗಿಂತ ಸುಲಿದ ಮೇಲೆ. ಚೊಗರಿನ ಕಪ್ಪು ಹೋಗಲಿ ಅಂತ ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ, ಸ್ಟೀಲ್ ನಾರು ಹಾಕಿ ತಿಕ್ಕುತ್ತಾರೆ. ಆ ಕಪ್ಪು ಕೊಳೆ ಅಲ್ಲ, ಬಣ್ಣ. ಚರ್ಮ ಉದುರಿದಂತೆ ತಾನೇ ಹೋಗುತ್ತೆ. ಸುಲಿಯೋಕೆ ಕೂರೋ ಮುಂಚೆ ಎಣ್ಣೆ ಸವರಿಕೊಂಡರೆ ಕಲೆ ಕಮ್ಮಿ ಹಿಡಿಯುತ್ತೆ. ಎದ್ದ ಮೇಲೆ ಮತ್ತೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮೆದು ಸೋಪು. ಕಾಫಿ ಹಣ್ಣಿನ ಕಲೆಗೂ ಇದೇ. ಕಾಫಿ ಕುಯ್ಲಿನವರಿಗೆ ಬೆಳಗಿನ ಇಬ್ಬನಿ ಲೆಕ್ಕಕ್ಕೆ ಬರುತ್ತೆ, ಎಲೆ ತೋಯ್ದಿರೋ ಹೊತ್ತಲ್ಲಿ ಕೈ ಗಂಟೆಗಟ್ಟಲೆ ಒದ್ದೆ. ಪಲ್ಪರ್ ಮನೆಯವರದು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಕಡೆ) ಪೂರ್ತಿ ಒದ್ದೆ ಕೆಲಸ, ಅವರಿಗೆ ಉದ್ದ ಗ್ಲೌಸ್ ಕೊಡಲೇಬೇಕು. ಗಿಡಕ್ಕೆ ಹೊಡೆಯೋ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಕಲಸೋರಿಗೂ ಅಷ್ಟೆ. ಸೀಳಿರೋ ಕೈಯನ್ನು ಆ ಸುಣ್ಣದ ನೀರಿಗೆ ಹಾಕಿ ಕಲಕಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಕೋಲಲ್ಲಿ ಕಲಕಿಸಿ, ಕೈ ಇಸುಬಿನವರನ್ನು ಆ ಕೆಲಸಕ್ಕೆ ಹಚ್ಚಬೇಡಿ ಅಂತ ತೋಟದ ಕೆಲಸ ನೋಡಿಕೊಳ್ಳೋ ರೈಟರಿಗೆ ಹೇಳಿಸಿ.

ರಾತ್ರಿ ಜೆಲ್ಲಿ ದಪ್ಪಗೆ ಹಚ್ಚಿ ಹತ್ತಿ ಗ್ಲೌಸ್ ಹಾಕಿ ಮಲಗಲಿ. ಗ್ಲೌಸ್ ಇಲ್ಲದಿದ್ದರೆ ಹಳೆ ಹತ್ತಿ ಕಾಲುಚೀಲಕ್ಕೆ ಹೆಬ್ಬೆರಳು ತೂರೋ ಹಾಗೆ ತೂತು ಮಾಡಿದರೆ ಸಾಕು. ಆದರೆ ಆ ಬಟ್ಟೆ ಹಾಕಿಕೊಂಡು ಒಲೆ ಹತ್ತಿರ, ಬೀಡಿ ಹತ್ತಿರ ಹೋಗಲೇಬಾರದು. ಜೆಲ್ಲಿ ಹೀರಿದ ಬಟ್ಟೆಗೆ ಕಿಡಿ ತಾಗಿದರೆ ದೀಪದ ಬತ್ತಿ ಥರ ಹತ್ತಿಕೊಳ್ಳುತ್ತೆ. ಚಳಿ ಕಾಯಿಸೋ ನಮ್ಮ ಕಡೆ ಇದನ್ನು ಹೇಳದೆ ಬಿಡಬೇಡಿ.

ಉತ್ತರ 4: ಶುಶ್ರೂಷಕ, ಚಿಕ್ಕಮಗಳೂರು

ಒಂದು ಬಿಟ್ಟುಹೋಯಿತು: ನಂಜು. ಇಸುಬು ಅಂದ ಕೂಡಲೇ ಬದನೆಕಾಯಿ, ಒಣಮೀನು, ಮೊಟ್ಟೆ, ಕುಂಬಳಕಾಯಿ ಬಿಟ್ಟು ಕೂತಿರ್ತಾರೆ. ಪಥ್ಯದಲ್ಲಿ ಕಟ್ಟುನಿಟ್ಟು, ಕೈ ತೊಳೆಯೋದು ಮಾತ್ರ ಪಾತ್ರೆ ಪುಡಿಯಲ್ಲೇ. ನಂಜು ಸುಳ್ಳು ಅಂತ ವಾದಕ್ಕೆ ಇಳಿದರೆ ನಿಮ್ಮ ಹತ್ತು ನಿಮಿಷ ಅಲ್ಲೇ ಮುಗೀತು. ‘ತಿಂದದ್ದಕ್ಕಿಂತ ಮುಟ್ಟಿದ್ದು ಹೆಚ್ಚು ನಂಜು’ ಅನ್ನಿ, ಆ ಭಾಷೆ ಅವರಿಗೆ ಹತ್ತಿರ. ಬದನೆಕಾಯಿ ತಿನ್ನಲಿ ಬಿಡಲಿ, ಮೊಟ್ಟೆ ಬೇಳೆ ಬಿಡೋದು ಬೇಡ.

ಆಸ್ಪತ್ರೆ ಸಿಬ್ಬಂದಿಗೂ ಒಂದು ಮಾತು. ಕೈಗೆ ಕಣ್ಣಿಗೆ ಕಾಣೋ ಕೊಳೆ ಇಲ್ಲದಿದ್ದರೆ ಸೋಪಿಗಿಂತ ಗ್ಲಿಸರಿನ್ ಇರೋ ಆಲ್ಕೋಹಾಲ್ ಹ್ಯಾಂಡ್‌ರಬ್ ಚರ್ಮಕ್ಕೆ ಹಗುರ. ಸೀಳಿನ ಮೇಲೆ ಉರಿಯುತ್ತೆ ನಿಜ, ಆ ಉರಿ ಅಲರ್ಜಿ ಅಲ್ಲ. ತೊಳೆದು ಒದ್ದೆ ಕೈಗೇ ಮತ್ತೆ ರಬ್ ಹಾಕೋದು ಬೇಡ, ಎರಡರಲ್ಲಿ ಒಂದು ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹುಣಸೆ ಬೀಜ ನಾಳೆಯಿಂದಲೇ ಶುರು. ಡಾಕ್ಟ್ರೇ, ಇನ್ನೆರಡು ಕೇಳ್ತೀನಿ. ಇಸುಬೇ ಅಲ್ಲದ್ದನ್ನು ನಾವು ಗುರುತಿಸೋದು ಹೇಗೆ, ಯಾರನ್ನು ನಿಮ್ಮಲ್ಲಿಗೆ ಕಳಿಸಬೇಕು? ಮತ್ತೆ ನೀರು ಜಿನುಗೋ ಕೈಗೆ ಎಣ್ಣೆ ಬೇಡ ಅಂದರಲ್ಲ, ಅವರಿಗೆ ಏನು ಮಾಡಿಸೋದು? ನೀರಲ್ಲಿ ಕರಗಿಸಿ ಕೈ ಅದ್ದಿಸೋ (ಪೊಟ್ಯಾಸಿಯಂ) ಪರ್ಮಾಂಗನೇಟ್ ಹರಳು ನಮ್ಮಲ್ಲಿದೆ.

ಉತ್ತರ 5: ಚರ್ಮರೋಗ ವೈದ್ಯ, ಹಾಸನ

ಯಾವಾಗಲೂ ಎರಡೂ ಕೈ ಒಟ್ಟಿಗೆ ನೋಡಿ, ಚಪ್ಪಲಿ ಬಿಚ್ಚಿಸಿ ಪಾದವನ್ನೂ ನೋಡಿ. ಒಂದೇ ಅಂಗೈ ಒಣಗಿ ಹೊಟ್ಟೆದ್ದಿದ್ದು, ಎರಡು ಪಾದದಲ್ಲೂ ಅದೇ ಥರ ಇದ್ದರೆ ಹುಳುಕಡ್ಡಿ ಇರಬಹುದು, ಕೆರೆದು ಪರೀಕ್ಷೆ ಮಾಡಿಸದೆ ಸ್ಟೀರಾಯ್ಡ್ ಬೇಡ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ರಾತ್ರಿ ತುರಿಕೆ, ಮನೆಯಲ್ಲಿ ಇನ್ನಿಬ್ಬರಿಗೆ ಇದೆ ಅಂದರೆ ಕಜ್ಜಿ. ಅಂಗೈ ಒಳಗೆ, ಬೆರಳ ಪಕ್ಕದಲ್ಲಿ ಸಬ್ಬಕ್ಕಿ ಕಾಳಿನ ಹಾಗೆ ಗುಳ್ಳೆಗಳಿದ್ದರೆ ಅದು ಇಸುಬಿನದೇ ಒಂದು ಬಗೆ, ಚುಚ್ಚಿ ಒಡೆಯಬಾರದು. ಬಲಗೈಯಲ್ಲಿ ಚಾಕು ಹಿಡಿಯೋರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಣಗಿ ಸೀಳಿದ್ದರೆ ಬೆಳ್ಳುಳ್ಳಿಯನ್ನು ಕೇಳಿ. ಹಿಡಿಯೋದು ಆ ಮೂರು ಬೆರಳಲ್ಲಿ.

ಕಳಿಸಬೇಕಾದವರು: ಹೇಳಿದ್ದೆಲ್ಲ ನಿಜವಾಗಿ ಮಾಡಿ ಆರು ವಾರವಾದರೂ ಇಳಿಯದವರು, ಗ್ಲೌಸ್ ಹಾಕಿದ ಮೇಲೆ ಮಣಿಕಟ್ಟಿನವರೆಗೆ ಹೆಚ್ಚಾದವರು, ಸಿಮೆಂಟು ಅಥವಾ ತಲೆಗೂದಲ ಬಣ್ಣದ ಕೆಲಸದವರು. ಇವರಿಗೆ ಯಾವುದರ ಅಲರ್ಜಿ ಅಂತ ಕಂಡುಹಿಡಿಯೋ ಪ್ಯಾಚ್ ಟೆಸ್ಟ್ ಬೇಕಾಗಬಹುದು. ಬೆನ್ನಿಗೆ ಅಂಟಿಸಿದ್ದನ್ನು 48 ಗಂಟೆಗೆ ಬಿಚ್ಚಿ ನೋಡ್ತೀವಿ, 72 ಅಥವಾ 96 ಗಂಟೆಗೆ ಮತ್ತೊಮ್ಮೆ. ಅಷ್ಟು ದಿನ ಬೆನ್ನು ತೋಯಬಾರದು, ಬೆವರೋ ಕೆಲಸ ಬೇಡ. ಕೂಲಿಯವರಿಗೆ ಇದನ್ನು ಮೊದಲೇ ಹೇಳಿ ಕಳಿಸಿ, ಇಲ್ಲದಿದ್ದರೆ ಎರಡನೇ ದಿನಕ್ಕೆ ಸ್ನಾನ ಮಾಡಿಕೊಂಡು ಬರ್ತಾರೆ. ಟೆಸ್ಟ್ ಇದೆಯಾ, ಯಾವ ದಿನ ಅಂತ ವಿಭಾಗಕ್ಕೆ ಫೋನ್ ಮಾಡಿ ಕೇಳಿಯೇ ಕಳಿಸಿ. ರಬ್ಬರಿನ ಅಲರ್ಜಿ ಅಂತ ಬಂದರೆ ಅವರಿಗೆ ವಿನೈಲ್ ಗ್ಲೌಸ್, ಅದರಲ್ಲಿ ರಬ್ಬರಿಗೆ ಹಾಕೋ ರಾಸಾಯನಿಕ ಇರಲ್ಲ.

ಕೀವು, ಹಳದಿ ಹಕ್ಕಳೆ, ಜ್ವರ, ತೋಳಿಗೆ ಹತ್ತಿದ ಕೆಂಪು ಗೆರೆ, ಒಮ್ಮೆಲೇ ಎದ್ದ ನೋವಿನ ಗುಳ್ಳೆಗಳ ಗುಂಪು ಇದ್ದರೆ ಅದೇ ದಿನ ಕಳಿಸಿ.

ಇನ್ನು ಪರ್ಮಾಂಗನೇಟ್. ಬೇಕಾದ ಹದ 10,000ಕ್ಕೆ 1, ಅಂದರೆ 4 ಲೀಟರ್ ನೀರಿಗೆ 400 ಮಿಲಿಗ್ರಾಂ. ನೀರಲ್ಲಿ ಕರಗಿಸೋ ಮಾತ್ರೆ ಸಿಕ್ಕರೆ ಲೆಕ್ಕ ಸುಲಭ. ಹರಳು ಕಣ್ಣಳತೆಗೆ ಸಿಗಲ್ಲ, ಅದನ್ನು ಮನೆಗೆ ಕೊಟ್ಟು ಕಳಿಸಬೇಡಿ. ಕೇಂದ್ರದಲ್ಲೇ ಒಂದು ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬಕೆಟ್ಟಿನ ನೀರಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಬಂದು ತಿಳಿ ಗುಲಾಬಿ ಬಣ್ಣಕ್ಕೆ ನಿಲ್ಲಿಸಿ. ನೇರಳೆ ಆದರೆ ಹೆಚ್ಚಾಯಿತು, ಚೆಲ್ಲಿ ಮತ್ತೆ ಮಾಡಿ. ಕರಗದ ಹರಳು ಚರ್ಮಕ್ಕೆ ತಾಗಿದರೆ ಸುಡುತ್ತೆ, ಸೋಸೋದು ಅದಕ್ಕೇ. ಉಗುರಿಗೆ ಮೊದಲು ಜೆಲ್ಲಿ ಸವರಿ, ಇಲ್ಲವಾದರೆ ಕಂದು ಕಲೆ ವಾರಗಟ್ಟಲೆ ಇರುತ್ತೆ. ಕೈ 10–15 ನಿಮಿಷ ಅದ್ದಿ, ಒತ್ತಿ ಒರೆಸಿ. ದಿನಕ್ಕೆ ಒಂದೋ ಎರಡೋ ಸಲ, ಜಿನುಗೋದು ನಿಂತ ದಿನ ಇದನ್ನೂ ನಿಲ್ಲಿಸಿ. ಮುಂದುವರಿಸಿದರೆ ಇದೇ ಕೈಯನ್ನು ಒಣಗಿಸಿ ಸೀಳಿಸುತ್ತೆ. ಮರುದಿನದಿಂದ ಜೆಲ್ಲಿ. ಹರಳಿನ ಡಬ್ಬಿ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿರಲಿ, ನುಂಗಿದರೆ ಪ್ರಾಣಕ್ಕೆ ಅಪಾಯ.